ಮೂಲ ಪ್ರತಿಯ ತಪ್ಪೋ, ನಕಲಿನ ತಪ್ಪೋ: ಮಕ್ಕಳ ಕ್ಯಾನ್ಸರಿನಲ್ಲಿ ಜೀನ್‌ಗಳ ಪಾತ್ರ

ಮಗುವಿಗೆ ರಕ್ತದ ಕ್ಯಾನ್ಸರ್ ಎಂದು ಗೊತ್ತಾದ ದಿನ ಕಾಸರಗೋಡಿನ ಮನೆಗಳಲ್ಲಿ ಔಷಧಿಯ ವಿಚಾರಕ್ಕಿಂತ ಮೊದಲು ಏಳುವ ಪ್ರಶ್ನೆ "ಇದು ಯಾರ ಕಡೆಯಿಂದ ಬಂತು?" ಎಂಬುದು. ಅಪ್ಪನ ಕಡೆಯ ಅಜ್ಜಿಗೆ ಎದೆಯಲ್ಲಿ ಗಡ್ಡೆ ಇತ್ತಲ್ಲ ಎಂದು ಒಬ್ಬರು ಹೇಳಿದರೆ, ಅಮ್ಮನ ತವರಿನಲ್ಲಿ ಒಬ್ಬರು ಚಿಕ್ಕ ಪ್ರಾಯದಲ್ಲೇ ತೀರಿಹೋದರಲ್ಲ ಎಂದು ಇನ್ನೊಬ್ಬರು ನೆನಪಿಸುತ್ತಾರೆ. ಆಸ್ಪತ್ರೆಯ ವರದಿಯಲ್ಲಿ 'ಜೆನೆಟಿಕ್' ಎಂಬ ಮಾತು ಕಂಡರೆ ಸಂಶಯ ಗಟ್ಟಿಯಾಗುತ್ತದೆ. ಆ ಮಾತನ್ನು ಎಲ್ಲರೂ 'ವಂಶದಿಂದ ಬಂದದ್ದು' ಎಂದೇ ಓದಿಕೊಳ್ಳುತ್ತಾರೆ. ಒಬ್ಬ ತಾಯಿಯ ತಲೆಯ ಮೇಲೆ ಆ ಹೊರೆ ಒಮ್ಮೆ ಕೂತರೆ ಮಗು ಗುಣವಾದ ಮೇಲೂ ಇಳಿಯುವುದಿಲ್ಲ.

ಎಲ್ಲ ಕ್ಯಾನ್ಸರುಗಳೂ ಜೀನ್‌ಗಳಲ್ಲಿ ಆದ ಬದಲಾವಣೆಯಿಂದಲೇ ಹುಟ್ಟುತ್ತವೆ. ಆದರೆ ಆ ಬದಲಾವಣೆ ಹುಟ್ಟಿನಿಂದಲೇ ಮೈಯ ಎಲ್ಲ ಜೀವಕೋಶಗಳಲ್ಲಿ ಇರುವುದು ಕೆಲವೇ ಮಕ್ಕಳಲ್ಲಿ. ಕ್ಯಾನ್ಸರ್ ಬಂದ 1,120 ಮಕ್ಕಳು ಮತ್ತು ಹದಿಹರೆಯದವರ ಜೀನ್‌ಗಳನ್ನು ಪರೀಕ್ಷಿಸಿದ ಅಮೆರಿಕದ ಅಧ್ಯಯನವೊಂದು 2015ರಲ್ಲಿ ಪ್ರಕಟವಾಯಿತು. ಅದರಲ್ಲಿ ಅಂಥ ಹುಟ್ಟು ಬದಲಾವಣೆ ಸಿಕ್ಕಿದ್ದು ಶೇಕಡಾ 8.5 ಮಂದಿಯಲ್ಲಿ. ಅವರಲ್ಲಿ ಮನೆತನದ ವಿವರ ಸಿಕ್ಕವರನ್ನು ನೋಡಿದರೆ, ಕುಟುಂಬದಲ್ಲಿ ಕ್ಯಾನ್ಸರ್ ಇದ್ದದ್ದು ಶೇಕಡಾ 40ರಷ್ಟು ಮಂದಿಗೆ ಮಾತ್ರ. ಅಂದರೆ ಅಜ್ಜಿಗೆ ಕ್ಯಾನ್ಸರ್ ಇತ್ತು ಎಂಬುದರಿಂದ ಮಗುವಿನದು ವಂಶದ್ದು ಎನ್ನಲಾಗದು. ಮನೆತನದಲ್ಲಿ ಯಾರಿಗೂ ಇರಲಿಲ್ಲ ಎಂಬುದರಿಂದ ವಂಶದ್ದಲ್ಲ ಎಂದೂ ಹೇಳಲಾಗದು. ಹೇಳಬೇಕಾದದ್ದು ಪರೀಕ್ಷೆ, ಅದೂ ಸರಿಯಾದ ಮಾದರಿಯಿಂದ ಮಾಡಿದ ಪರೀಕ್ಷೆ.

ತಾಳೆಗರಿಯ ಲೆಕ್ಕ

ಕುಂಬಳೆ ಸೀಮೆಯಲ್ಲಿ ಯಕ್ಷಗಾನದ ಪ್ರಸಂಗಗಳು ತಾಳೆಗರಿಯಿಂದ ತಾಳೆಗರಿಗೆ ನಕಲಾಗಿ ಉಳಿದು ಬಂದವು. ಜೀನ್‌ಗಳ ಸಂಗತಿಯನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ಹೋಲಿಕೆ ಸಿಗುವುದು ಕಷ್ಟ. ಮೂಲ ಕಟ್ಟಿನಲ್ಲೇ ತಪ್ಪಿದ್ದರೆ ಅದರಿಂದ ಇಳಿದ ಎಲ್ಲ ಪ್ರತಿಗಳಲ್ಲೂ ಆ ತಪ್ಪಿರುತ್ತದೆ. ನಕಲು ಮಾಡಿದ ಒಬ್ಬ ಲಿಪಿಕಾರ ತಪ್ಪಿದ್ದರೆ ಅವನ ಪ್ರತಿಯಲ್ಲಿ ಮತ್ತು ಅದರಿಂದ ಇಳಿದ ಪ್ರತಿಗಳಲ್ಲಿ ಮಾತ್ರ ತಪ್ಪು ಕಾಣುತ್ತದೆ, ಊರಿನ ಉಳಿದ ಕಟ್ಟುಗಳೆಲ್ಲ ಸರಿಯಾಗಿಯೇ ಇರುತ್ತವೆ.

ನಮ್ಮ ಜೀವಕೋಶದ ಕಟ್ಟಿನಲ್ಲಿ 46 ಕ್ರೋಮೋಸೋಮ್‌ಗಳಿವೆ, ಅಮ್ಮನಿಂದ 23, ಅಪ್ಪನಿಂದ 23. ಬರಹವೆಲ್ಲ ಎ, ಟಿ, ಜಿ, ಸಿ ಎಂಬ ನಾಲ್ಕೇ ಅಕ್ಷರಗಳಲ್ಲಿ, ಒಟ್ಟು ಸುಮಾರು 600 ಕೋಟಿ ಅಕ್ಷರ. ಇದರಲ್ಲಿ ಪ್ರೋಟೀನ್ ತಯಾರಿಸುವ ವಿಧಾನ ಹೇಳುವ ಭಾಗಗಳೇ ಜೀನ್‌ಗಳು. ಅಂಥವು ಸುಮಾರು 20,000 ಇವೆ, ಬಹುತೇಕ ಪ್ರತಿಯೊಂದೂ ಅಪ್ಪನ ಕಡೆಯದೊಂದು ಅಮ್ಮನ ಕಡೆಯದೊಂದು ಎಂದು ಎರಡೆರಡು. ಕೋಶ ಒಡೆದು ಎರಡಾಗುವಾಗಲೆಲ್ಲ ಇಡೀ ಬರಹ ನಕಲಾಗಬೇಕು. ತಿದ್ದುವ ಪ್ರೋಟೀನ್‌ಗಳು ಹಿಂದೆಯೇ ಓದಿಕೊಂಡು ಬರುವುದರಿಂದ 600 ಕೋಟಿ ಅಕ್ಷರಗಳಲ್ಲಿ ಕೊನೆಗೆ ಉಳಿಯುವ ತಪ್ಪು ಒಂದೋ ಎರಡೋ. ಹಾಗಿದ್ದರೂ ಕೋಟಿ ಕೋಟಿ ಕೋಶಗಳು ದಿನವೂ ಒಡೆಯುವ ಮೈಯಲ್ಲಿ ತಪ್ಪುಗಳು ಸೇರುತ್ತಲೇ ಇರುತ್ತವೆ. ಆರೋಗ್ಯವಂತ ಮಗುವೂ ಅಪ್ಪ ಅಮ್ಮ ಇಬ್ಬರಲ್ಲೂ ಇಲ್ಲದ 60–70 ಹೊಸ ಅಕ್ಷರ ಬದಲಾವಣೆಗಳೊಂದಿಗೆ ಹುಟ್ಟುತ್ತದೆ. ಹೆಚ್ಚಿನವು ಯಾರಿಗೂ ಏನೂ ಮಾಡುವುದಿಲ್ಲ.

ತಪ್ಪಿನ ಬಗೆಯ ಮೇಲೆ ಪರಿಣಾಮ ನಿಂತಿದೆ. 'ಮಗು' ಎಂಬಲ್ಲಿ ಒಂದಕ್ಷರ ಬದಲಾಗಿ 'ನಗು' ಆದರೆ ಮಾತು ಇನ್ನೂ ಮಾತೇ, ಅರ್ಥ ಮಾತ್ರ ಬೇರೆ. ವಯನಾಡಿನ ಮತ್ತು ಅಟ್ಟಪ್ಪಾಡಿಯ ಆದಿವಾಸಿ ಸಮುದಾಯಗಳಲ್ಲಿ ಕಾಣುವ ಸಿಕಲ್ ಸೆಲ್ ಕಾಯಿಲೆ ಇಂಥದ್ದು. ಹಿಮೋಗ್ಲೋಬಿನ್‌ನ ಬೀಟಾ ಸರಪಳಿಯ ಜೀನಿನಲ್ಲಿ ಒಂದು ಎ ಇದ್ದ ಕಡೆ ಟಿ ಬಂದು, ಪ್ರೋಟೀನಿನ ಒಂದೇ ಮಣಿ ಬದಲಾಗುತ್ತದೆ. ಅಷ್ಟಕ್ಕೇ ಕೆಂಪು ರಕ್ತಕಣ ಕುಡುಗೋಲಿನಂತೆ ಬಾಗುತ್ತದೆ.

ಅಕ್ಷರ ಬಿಟ್ಟುಹೋಗುವುದು ಇನ್ನೊಂದು ಬಗೆ. ಕೋಶ ಜೀನನ್ನು ಮೂರು ಮೂರು ಅಕ್ಷರವಾಗಿ ಓದುತ್ತದೆ. 'ಅವಳು ಮಗುವ ಕರೆದು ಹಾಲನು ಕೊಡಲು' ಎಂಬ ಸಾಲನ್ನು ತೆಗೆದುಕೊಳ್ಳಿ. ಮೊದಲ ಮಾತಿನಿಂದ 'ವ' ಒಂದು ಬಿದ್ದುಹೋದರೆ ಸಾಲು 'ಅಳುಮ ಗುವಕ ರೆದುಹಾ ಲನುಕೊ ಡಲು' ಆಗುತ್ತದೆ. ಅಲ್ಲಿಂದ ಮುಂದೆ ಏನೂ ಉಳಿಯಲಿಲ್ಲ. ಅದೇ 'ಮಗುವ' ಎಂಬ ಮೂರೂ ಅಕ್ಷರ ಒಟ್ಟಿಗೆ ಬಿದ್ದುಹೋದರೆ 'ಅವಳು ಕರೆದು ಹಾಲನು ಕೊಡಲು' ಎಂದು ಓದಲು ಬರುತ್ತದೆ. ಗಂಡುಮಕ್ಕಳ ಸ್ನಾಯುಗಳನ್ನು ಕ್ಷಯಿಸುವ ಡುಶೆನ್ ಕಾಯಿಲೆಗೂ ಅದರ ಸೌಮ್ಯರೂಪವಾದ ಬೆಕರ್‌ಗೂ ಇರುವ ವ್ಯತ್ಯಾಸ ಹೆಚ್ಚಿನಂಶ ಇದೇ. ಎರಡರಲ್ಲೂ ಡಿಸ್ಟ್ರೋಫಿನ್ ಜೀನಿನ ತುಂಡು ಕಾಣೆಯಾಗಿರುತ್ತದೆ. ಓದಿನ ಲಯ ಕೆಟ್ಟರೆ ಡುಶೆನ್, ಲಯ ಉಳಿದರೆ ಬೆಕರ್. ಕಾಣೆಯಾದ ತುಂಡು ದೊಡ್ಡದಿದ್ದೂ ಕಾಯಿಲೆ ಸೌಮ್ಯವಾಗಿರುವುದುಂಟು ಎಂಬ ವಿಚಿತ್ರ ಇದರಿಂದ ಅರ್ಥವಾಗುತ್ತದೆ.

ಮೂರನೆಯ ಬಗೆ ಮಕ್ಕಳ ಕ್ಯಾನ್ಸರಿನಲ್ಲಿ ಬಹಳ ಮುಖ್ಯ. ಎರಡು ಪ್ರಸಂಗಗಳ ಕಟ್ಟು ಬಿಚ್ಚಿ, ಒಂದರ ಮೊದಲರ್ಧಕ್ಕೆ ಇನ್ನೊಂದರ ಕೊನೆಯರ್ಧ ಸೇರಿ ಹೊಲಿದುಹೋದಂತೆ, ಎರಡು ಕ್ರೋಮೋಸೋಮ್‌ಗಳು ತುಂಡಾಗಿ ಅದಲುಬದಲಾಗಿ ಅಂಟಿಕೊಳ್ಳುತ್ತವೆ. ಹೊಲಿಗೆ ಬಿದ್ದ ಜಾಗದಲ್ಲಿ ಹಿಂದೆಂದೂ ಇರದಿದ್ದ ಜೋಡಿ ಜೀನ್ ಹುಟ್ಟುತ್ತದೆ. ದೊಡ್ಡವರ ಶ್ವಾಸಕೋಶದ ಅಥವಾ ಚರ್ಮದ ಕ್ಯಾನ್ಸರಿನಲ್ಲಿ ಹೊಗೆ, ಬಿಸಿಲು, ವಯಸ್ಸು ಸೇರಿ ಸಾವಿರಾರು ಸಣ್ಣ ತಪ್ಪುಗಳು ತುಂಬಿರುತ್ತವೆ. ಮಕ್ಕಳ ಗಡ್ಡೆಯಲ್ಲಿ ತಪ್ಪುಗಳು ಬಹಳ ಕಡಿಮೆ, ಆದರೆ ಬೆಳವಣಿಗೆಯ ಚುಕ್ಕಾಣಿ ಹಿಡಿದ ಜೀನಿನಲ್ಲೇ ಆಗಿರುತ್ತವೆ. ಕೋಶಗಳು ಬೆಳೆಯುತ್ತಲೇ ಇರುವ ಪ್ರಾಯದಲ್ಲಿ 'ಇನ್ನು ಸಾಕು' ಎಂಬ ಒಂದು ಆಜ್ಞೆ ಅಳಿಸಿಹೋದರೂ ಸಾಕಾಗುತ್ತದೆ.

ಎರಡು ಏಟಿನ ಕಣ್ಣು

ಮಗುವಿನ ಕಣ್ಣಿನ ಪಾಪೆ ಫ್ಲ್ಯಾಶ್ ಹಾಕಿ ತೆಗೆದ ಫೋಟೋದಲ್ಲಿ ಕೆಂಪಾಗಿ ಕಾಣುವ ಬದಲು ಬೆಳ್ಳಗೆ ಹೊಳೆದರೆ, ಅಥವಾ ಮಬ್ಬು ಬೆಳಕಿನಲ್ಲಿ ಬೆಕ್ಕಿನ ಕಣ್ಣಿನಂತೆ ಮಿನುಗಿದರೆ, ಅಥವಾ ಹೊಸದಾಗಿ ಮೆಳ್ಳೆಗಣ್ಣು ಕಾಣಿಸಿಕೊಂಡರೆ, ಆ ವಾರವೇ ಕಣ್ಣಿನ ವೈದ್ಯರಿಗೆ ತೋರಿಸಬೇಕು. ಮೆಳ್ಳೆಗಣ್ಣು ಅದೃಷ್ಟ ಎಂದು ಕಾಯುವ ಮನೆಗಳು ಈಗಲೂ ಇವೆ. ರೆಟಿನೋಬ್ಲಾಸ್ಟೋಮಾ ಎಂಬ ಅಕ್ಷಿಪಟಲದ ಈ ಕ್ಯಾನ್ಸರ್ 15ರಿಂದ 20 ಸಾವಿರ ಮಕ್ಕಳಲ್ಲಿ ಒಂದಕ್ಕೆ ಬರುತ್ತದೆ, ಹೆಚ್ಚಾಗಿ ಐದು ವರ್ಷದೊಳಗೆ.

ವಂಶದ ತಪ್ಪು ಮತ್ತು ಕೋಶದ ತಪ್ಪು ಎಂಬ ಭೇದ ಮೊದಲು ಬಿಡಿಸಿಕೊಂಡದ್ದು ಈ ಕಾಯಿಲೆಯಲ್ಲೇ. 1971ರಲ್ಲಿ ಅಮೆರಿಕದ ವೈದ್ಯ ಆಲ್‌ಫ್ರೆಡ್ ನಡ್ಸನ್ 48 ಮಕ್ಕಳ ದಾಖಲೆಗಳನ್ನು ಮುಂದಿಟ್ಟುಕೊಂಡು, ಎರಡೂ ಕಣ್ಣಿಗೆ ಬಂದವರಲ್ಲಿ ಕಾಯಿಲೆ ಎಳೆಯ ಪ್ರಾಯದಲ್ಲೂ ಒಂದೇ ಕಣ್ಣಿಗೆ ಬಂದವರಲ್ಲಿ ಸ್ವಲ್ಪ ತಡವಾಗಿಯೂ ಯಾಕೆ ಕಾಣುತ್ತದೆ ಎಂದು ಲೆಕ್ಕ ಹಾಕಿದರು. ಉತ್ತರ ಇದು: ಗಡ್ಡೆ ಹುಟ್ಟಲು ಎರಡು ಏಟು ಬೇಕು. ಕೋಶದ ಬೆಳವಣಿಗೆಗೆ ಲಗಾಮು ಹಾಕುವ ಜೀನಿನ ಎರಡು ಪ್ರತಿಗಳಲ್ಲಿ ಒಂದು ಹುಟ್ಟಿನಿಂದಲೇ ಕೆಟ್ಟಿದ್ದರೆ ಇನ್ನೊಂದು ಏಟು ಎಲ್ಲಿ ಬಿದ್ದರೂ ಸಾಕು. ಲಕ್ಷಾಂತರ ಕೋಶಗಳಿರುವ ಅಕ್ಷಿಪಟಲದಲ್ಲಿ ಅದು ಬೇಗ, ಹಲವು ಕಡೆ, ಎರಡೂ ಕಣ್ಣಿನಲ್ಲಿ ಬೀಳುತ್ತದೆ. ಹುಟ್ಟುವಾಗ ಎರಡೂ ಪ್ರತಿ ಸರಿಯಿದ್ದ ಮಗುವಿನಲ್ಲಿ ಒಂದೇ ಕೋಶಕ್ಕೆ ಎರಡೂ ಏಟು ಬೀಳಬೇಕು. ಅದು ಅಪರೂಪ, ಆದ್ದರಿಂದ ಒಂದೇ ಗಡ್ಡೆ, ತಡವಾಗಿ. 13ನೇ ಕ್ರೋಮೋಸೋಮಿನಲ್ಲಿರುವ ಆರ್‌ಬಿ1 ಎಂಬ ಆ ಜೀನ್ ಕೈಗೆ ಸಿಕ್ಕಿದ್ದು 1986ರಲ್ಲಿ.

ಎರಡೂ ಕಣ್ಣಿಗೆ ಬಂದಿದ್ದರೆ ಬದಲಾವಣೆ ಹುಟ್ಟಿನದು ಎಂದೇ ಹಿಡಿಯಬೇಕು. ಒಂದೇ ಕಣ್ಣಿಗೆ ಬಂದವರಲ್ಲೂ ಕೆಲವರಲ್ಲಿ ಅದು ಹುಟ್ಟಿನದೇ ಆಗಿರುತ್ತದೆ. ಒಟ್ಟಾರೆ ಸುಮಾರು 40 ಶೇಕಡಾ ಮಕ್ಕಳದು ಹುಟ್ಟಿನ ಬದಲಾವಣೆ, ಆದರೆ ಅವರಲ್ಲೂ ಹೆಚ್ಚಿನವರ ಅಪ್ಪ ಅಮ್ಮನಿಗೆ ಆ ತಪ್ಪು ಇರುವುದಿಲ್ಲ. ಅಂಡಾಣು ಅಥವಾ ವೀರ್ಯಾಣು ತಯಾರಾಗುವಾಗ ಹೊಸದಾಗಿ ಆದ ತಪ್ಪು ಅದು. ಇದಕ್ಕೆ ಯಾರ ಮನೆತನವನ್ನೂ ದೂರುವಂತಿಲ್ಲ. ಆದರೆ ಆ ಮಗುವಿನಿಂದ ಮುಂದಕ್ಕೆ ವಂಶಕ್ಕೆ ಇಳಿಯುತ್ತದೆ, ಅದು ದೊಡ್ಡದಾಗಿ ಪಡೆಯುವ ಪ್ರತಿ ಮಗುವಿಗೂ ಅರ್ಧಕ್ಕರ್ಧ ಸಾಧ್ಯತೆ.

ಕಣ್ಣು ತೆಗೆಯಬೇಕಾಗಿ ಬಂದರೆ ಗಡ್ಡೆಯ ಒಂದು ತುಣುಕನ್ನು ಜೀನ್ ಪರೀಕ್ಷೆಗೆಂದು ಎತ್ತಿಡಲು ಶಸ್ತ್ರಕ್ರಿಯೆಗೆ ಮೊದಲೇ ಕೇಳಿಕೊಳ್ಳಬೇಕು. ಗಡ್ಡೆಯಲ್ಲಿ ಆ ಎರಡು ಏಟು ಯಾವುವೆಂದು ಗೊತ್ತಾದರೆ, ಮಗುವಿನ ರಕ್ತದಲ್ಲಿ ಅವುಗಳಲ್ಲಿ ಒಂದು ಇದೆಯೇ ಎಂದು ನೇರವಾಗಿ ಹುಡುಕಬಹುದು. ಇದ್ದರೆ ತಮ್ಮ ತಂಗಿಯರಿಗೂ ಪರೀಕ್ಷೆ. ಆ ಬದಲಾವಣೆ ಹೊತ್ತು ಹುಟ್ಟಿದ ಕೂಸಿಗೆ ಮೊದಲ ವಾರದಿಂದಲೇ, ಮೊದಲ ವರ್ಷವಿಡೀ ಹೆಚ್ಚುಕಡಿಮೆ ತಿಂಗಳಿಗೊಮ್ಮೆ ಕಣ್ಣು ನೋಡಿಸಬೇಕು. ಇಲ್ಲವೆಂದಾದರೆ ಅರಿವಳಿಕೆ ಕೊಟ್ಟು ಮಾಡುವ ಆ ಪರೀಕ್ಷೆಗಳು ಬೇಕಾಗುವುದಿಲ್ಲ. ಹುಟ್ಟಿನ ಬದಲಾವಣೆ ಇರುವವರಿಗೆ ಮುಂದೆ ಎಲುಬಿನ ಕ್ಯಾನ್ಸರಿನ ಅಪಾಯವೂ ಹೆಚ್ಚು, ವಿಕಿರಣ ಕೊಟ್ಟ ಜಾಗದಲ್ಲಿ ಇನ್ನೂ ಹೆಚ್ಚು. ಆದ್ದರಿಂದ ವೈದ್ಯರು ಸಾಧ್ಯವಾದಷ್ಟು ರೇಡಿಯೇಶನ್ ತಪ್ಪಿಸುತ್ತಾರೆ.

ರಕ್ತದ ಕ್ಯಾನ್ಸರ್: ಹೊಟ್ಟೆಯೊಳಗೇ ಆದ ಹೊಲಿಗೆ

ಮಕ್ಕಳಲ್ಲಿ ಅತಿ ಹೆಚ್ಚು ಕಾಣುವ ಕ್ಯಾನ್ಸರ್ ಎಎಲ್‌ಎಲ್ ಎಂಬ ರಕ್ತದ ಕ್ಯಾನ್ಸರ್, ಅದರಲ್ಲೂ ಎರಡರಿಂದ ಐದು ವರ್ಷದ ನಡುವೆ. ಈ ಪ್ರಾಯದ ನಂಟಿಗೆ ಕಾರಣವಿದೆ. ರೋಗದೊಂದಿಗೆ ಹೋರಾಡುವ ಬಿ-ಕೋಶಗಳು ಬಗೆಬಗೆಯ ಪ್ರತಿಕಾಯ ತಯಾರಿಸಲು ತಮ್ಮ ಜೀನ್‌ಗಳನ್ನು ತಾವೇ ಕತ್ತರಿಸಿ ಜೋಡಿಸಿಕೊಳ್ಳುತ್ತವೆ. ಟಿ-ಕೋಶ ಎಂಬ ಇನ್ನೊಂದು ಬಗೆಯ ರಕ್ತಕೋಶ ಬಿಟ್ಟರೆ ಮೈಯ ಬೇರಾವ ಭಾಗವೂ ಇಷ್ಟು ಧೈರ್ಯದ ಕೆಲಸ ಮಾಡುವುದಿಲ್ಲ. ಆ ಕತ್ತರಿ ಒಮ್ಮೊಮ್ಮೆ ತಪ್ಪು ಜಾಗದಲ್ಲಿ ಕತ್ತರಿಸುತ್ತದೆ.

ಈ ಮಕ್ಕಳಲ್ಲಿ ಸುಮಾರು ಕಾಲು ಭಾಗದವರಲ್ಲಿ 12 ಮತ್ತು 21ನೇ ಕ್ರೋಮೋಸೋಮ್‌ಗಳು ಅದಲುಬದಲಾಗಿ ಇಟಿವಿ6-ರನ್‌ಎಕ್ಸ್1 ಎಂಬ ಜೋಡಿ ಜೀನ್ ಹುಟ್ಟಿರುತ್ತದೆ. ಹುಟ್ಟಿದ ಕೂಡಲೇ ಹಿಮ್ಮಡಿಯಿಂದ ತೆಗೆದು ಕಾಗದದ ಮೇಲೆ ಒಣಗಿಸಿಟ್ಟ ರಕ್ತದ ಚುಕ್ಕೆಗಳನ್ನು ವರ್ಷಗಳ ನಂತರ ತೆರೆದು ನೋಡಿದಾಗ, ಮುಂದೆ ಕಾಯಿಲೆ ಬಂದ ಅನೇಕ ಮಕ್ಕಳಲ್ಲಿ ಆ ಹೊಲಿಗೆ ಆಗಲೇ ಇತ್ತು. ಅಂದರೆ ಮೊದಲ ಏಟು ಗರ್ಭದಲ್ಲೇ ಬಿದ್ದಿತ್ತು. ಹಾಗೆಂದು ಅದು ಅಪ್ಪನಿಂದಲೋ ಅಮ್ಮನಿಂದಲೋ ಬಂದದ್ದಲ್ಲ. ಕೂಸಿನ ಒಂದು ರಕ್ತಕೋಶದಲ್ಲಿ ತಾನಾಗಿ ಆದದ್ದು. 'ಹುಟ್ಟುವ ಮೊದಲೇ ಇತ್ತು' ಎಂಬುದಕ್ಕೂ 'ವಂಶದಿಂದ ಬಂತು' ಎಂಬುದಕ್ಕೂ ಇರುವ ಅಂತರ ಇಲ್ಲಿದೆ. ಒಂದೇ ಅಂಡದಿಂದ ಹುಟ್ಟಿದ ಅವಳಿಗಳಲ್ಲಿ ಈ ಕೋಶ ಹಂಚಿಕೊಂಡ ಮಾಸಿನ ಮೂಲಕ ಒಬ್ಬರಿಂದ ಇನ್ನೊಬ್ಬರಿಗೆ ದಾಟುತ್ತದೆ. ಆದರೂ ಒಬ್ಬರಿಗೆ ಎರಡು–ಆರು ವರ್ಷದಲ್ಲಿ ಕಾಯಿಲೆ ಬಂದರೆ ಇನ್ನೊಬ್ಬರಿಗೂ ಬರುವುದು ಹತ್ತರಲ್ಲಿ ಒಂದು ಜೋಡಿಯಲ್ಲಿ. ಎರಡನೆಯ ಏಟು ಹುಟ್ಟಿದ ಮೇಲೆ ಬೀಳಬೇಕು, ಹೆಚ್ಚಿನವರಲ್ಲಿ ಅದು ಬೀಳುವುದೇ ಇಲ್ಲ. ತಾಯಿ ಬಸುರಿಯಲ್ಲಿ ಇಂಥದ್ದು ತಿಂದಳು, ಗ್ರಹಣದಲ್ಲಿ ಹೊರಗೆ ಬಂದಳು ಎಂಬ ಮಾತುಗಳನ್ನು ಇಲ್ಲಿಗೇ ನಿಲ್ಲಿಸಬಹುದು.

ಈ ಹೊಲಿಗೆ ಇರುವವರಿಗೆ, ಮತ್ತು ಕ್ಯಾನ್ಸರ್ ಕೋಶದಲ್ಲಿ 46ರ ಬದಲು 50ಕ್ಕಿಂತ ಹೆಚ್ಚು ಕ್ರೋಮೋಸೋಮ್‌ಗಳಿರುವವರಿಗೆ ಕಾಯಿಲೆ ಚಿಕಿತ್ಸೆಗೆ ಚೆನ್ನಾಗಿ ಮಣಿಯುತ್ತದೆ. ಕಡಿಮೆ ಕ್ರೋಮೋಸೋಮ್‌ಗಳಿದ್ದರೆ, ಅಂದರೆ 44ಕ್ಕಿಂತ ಕೆಳಗಿದ್ದರೆ, ಕಷ್ಟ. ಅಂಥವರ ಒಂದು ಗುಂಪಿನಲ್ಲಿ ಕ್ಯಾನ್ಸರನ್ನು ತಡೆಯುವ ಟಿಪಿ53 ಎಂಬ ಜೀನ್ ಹುಟ್ಟಿನಿಂದಲೇ ಕೆಟ್ಟಿರುವುದು ಸಾಮಾನ್ಯವಾದ್ದರಿಂದ ಕುಟುಂಬದವರ ಪರೀಕ್ಷೆಯೂ ಬೇಕಾಗುತ್ತದೆ. ಒಂದು ವರ್ಷದೊಳಗಿನ ಕೂಸುಗಳಲ್ಲಿ ಬರುವ ಎಎಲ್‌ಎಲ್‌ನಲ್ಲಿ ಹೆಚ್ಚಾಗಿ ಕೆಎಂಟಿ2ಎ ಜೀನಿನ ಅದಲುಬದಲು ಇರುತ್ತದೆ, ಅದು ಬಹಳ ಉಗ್ರ. ಸುಮಾರು 3–5 ಶೇಕಡಾ ಮಕ್ಕಳಲ್ಲಿ 9 ಮತ್ತು 22ನೇ ಕ್ರೋಮೋಸೋಮ್‌ಗಳ ಅದಲುಬದಲಿನಿಂದ ಬಿಸಿಆರ್-ಎಬಿಎಲ್1 ಹುಟ್ಟಿ, ಸ್ವಿಚ್ ಆರದೆ ಉರಿಯುತ್ತಲೇ ಇರುವ ದೀಪದಂತೆ ಕೋಶವನ್ನು ಬೆಳೆಸುತ್ತದೆ. ಫಿಲಡೆಲ್ಫಿಯಾ ಕ್ರೋಮೋಸೋಮ್ ಎಂದು 1960ರಲ್ಲಿ ಗುರುತಿಸಿದ ಈ ಬದಲಾವಣೆ ಎರಡು ಕ್ರೋಮೋಸೋಮ್‌ಗಳ ಕೊಡುಕೊಳ್ಳುವಿಕೆ ಎಂದು ಅಮೆರಿಕದ ವಿಜ್ಞಾನಿ ಜಾನೆಟ್ ರೌಲಿ ತೋರಿಸಿದ್ದು 1973ರಲ್ಲಿ. 2001ರಲ್ಲಿ ಬಂದ ಇಮಾಟಿನಿಬ್ ಮಾತ್ರೆ ಆ ಸ್ವಿಚ್ಚನ್ನೇ ಆರಿಸುತ್ತದೆ. ಕಿಮೋ ಜೊತೆಗೆ ಮೊದಲ ವಾರಗಳಿಂದಲೇ ಕೊಟ್ಟರೆ, ಹಿಂದೆ ಅರ್ಧಕ್ಕಿಂತ ಹೆಚ್ಚು ಮಕ್ಕಳನ್ನು ಕಳೆದುಕೊಳ್ಳುತ್ತಿದ್ದ ಕಾಯಿಲೆಯಲ್ಲಿ ಈಗ ಹೆಚ್ಚಿನವರು ಉಳಿಯುತ್ತಾರೆ. ಈ ಪರೀಕ್ಷೆಯ ಫಲಿತಾಂಶ ತಿಂಗಳು ಕಳೆದು ಬಂದರೆ ಪ್ರಯೋಜನ ಅಷ್ಟರಮಟ್ಟಿಗೆ ಕರಗುತ್ತದೆ.

ಹೆಸರು ಒಂದೇ ಇದ್ದೂ ಜೀನ್ ಬೇರೆಯಾದರೆ ಕಾಯಿಲೆಯೇ ಬೇರೆ ಎಂಬುದಕ್ಕೆ ನ್ಯೂರೋಬ್ಲಾಸ್ಟೋಮಾ ಒಳ್ಳೆಯ ಸಾಕ್ಷಿ. ಎಳೆಗೂಸಿನ ಹೊಟ್ಟೆಯಲ್ಲಿ ಕಾಣುವ ಈ ಗಡ್ಡೆ ಕೆಲವೊಮ್ಮೆ ಔಷಧಿಯಿಲ್ಲದೆ ತಾನಾಗಿ ಕರಗಿಹೋಗುತ್ತದೆ. ಗಡ್ಡೆಯ ಕೋಶದಲ್ಲಿ ಎಂವೈಸಿಎನ್ ಎಂಬ ಜೀನ್ ಎರಡರ ಬದಲು ಹತ್ತಾರು, ನೂರಾರು ಪ್ರತಿಗಳಾಗಿದ್ದರೆ ಅತಿ ಕಠಿಣ ಚಿಕಿತ್ಸೆಯೂ ಸಾಲದೆ ಹೋಗಬಹುದು. ಸ್ಕ್ಯಾನಿಂಗ್ ನೋಡಿ ಇವೆರಡನ್ನು ಬೇರ್ಪಡಿಸಲು ಆಗುವುದಿಲ್ಲ.

ಮಾದರಿ ಕೆಟ್ಟರೆ ವರದಿಯೂ ಕೆಟ್ಟಿತು

ಜೀನ್ ಪರೀಕ್ಷೆಯ ಸೋಲು ಹೆಚ್ಚಾಗಿ ದೊಡ್ಡ ಯಂತ್ರದಲ್ಲಿ ಆಗುವುದಿಲ್ಲ, ಟ್ಯೂಬಿನಲ್ಲಿ ಆಗುತ್ತದೆ. ಗಡಿನಾಡಿನ ಮಾದರಿಗಳು ಮಂಗಳೂರು, ತಲಶ್ಶೇರಿ, ತಿರುವನಂತಪುರ, ಕೆಲವೊಮ್ಮೆ ಬೆಂಗಳೂರು ಮುಂಬೈವರೆಗೆ ಹೋಗಬೇಕಾದ್ದರಿಂದ ಈ ಭಾಗವನ್ನು ಬಿಡಿಸಿ ಹೇಳುವುದು ಅಗತ್ಯ.

ಮೊದಲ ಹಾನಿ ಆಸ್ಪತ್ರೆ ತಲುಪುವ ಮುಂಚೆಯೇ ಆಗುತ್ತದೆ. ಮಗುವಿಗೆ ವಾರಗಟ್ಟಲೆ ಜ್ವರ, ಕೈಕಾಲು ಗಂಟು ನೋವು. ವಾತವೆಂದು ತಿಳಿದು ಪ್ರೆಡ್ನಿಸೊಲೋನ್‌ನಂಥ ಸ್ಟಿರಾಯ್ಡ್ ಕೊಡುತ್ತಾರೆ. ಮಗು ಎರಡೇ ದಿನಕ್ಕೆ ಎದ್ದು ಆಡುತ್ತದೆ, ಯಾಕೆಂದರೆ ಸ್ಟಿರಾಯ್ಡ್ ರಕ್ತದ ಕ್ಯಾನ್ಸರಿನ ಔಷಧಿಯೂ ಹೌದು. ಕ್ಯಾನ್ಸರ್ ಕೋಶಗಳು ಅರೆಬರೆ ಸತ್ತು, ಮೂಳೆಮಜ್ಜೆಯ ಪರೀಕ್ಷೆ ಏನನ್ನೂ ಸ್ಪಷ್ಟವಾಗಿ ಹೇಳದಂತಾಗುತ್ತದೆ. ಕೆಲವು ವಾರಗಳಲ್ಲಿ ಕಾಯಿಲೆ ಮರಳುತ್ತದೆ. ಗಂಟು ನೋವಿನ ಜೊತೆ ಮೈ ಬಿಳಿಚಿದ್ದರೆ, ಕಾರಣವಿಲ್ಲದೆ ನೀಲಿ ಕಲೆಗಳಿದ್ದರೆ, ಕುತ್ತಿಗೆಯಲ್ಲಿ ಗಂಟುಗಳಿದ್ದರೆ, ಸ್ಟಿರಾಯ್ಡಿಗೆ ಮೊದಲು ಪೂರ್ಣ ರಕ್ತಕಣ ಎಣಿಕೆ ಮಾಡಿಸಿ, ರಕ್ತಲೇಪದ ಗಾಜನ್ನು ರೋಗಶಾಸ್ತ್ರಜ್ಞರು ಕಣ್ಣಾರೆ ನೋಡಬೇಕು. ಕಡಿಮೆ ಖರ್ಚಿನ ಈ ಪರೀಕ್ಷೆ ಎಷ್ಟೋ ಮಕ್ಕಳ ದಾರಿ ಬದಲಿಸಬಲ್ಲದು.

ಮೂಳೆಮಜ್ಜೆ ತೆಗೆಯುವಾಗ ಮೊದಲ ಎಳೆತದ 1–2 ಮಿಲಿಲೀಟರ್ ಅತ್ಯಂತ ಸಾಂದ್ರವಾಗಿರುತ್ತದೆ, ಮುಂದಿನ ಎಳೆತಗಳಲ್ಲಿ ರಕ್ತ ಬೆರೆಯುತ್ತಾ ಹೋಗುತ್ತದೆ. ಕ್ರೋಮೋಸೋಮ್‌ಗಳನ್ನು ಎಣಿಸುವ ಕ್ಯಾರಿಯೋಟೈಪ್ ಪರೀಕ್ಷೆಗೆ ಕೋಶಗಳು ಜೀವಂತವಾಗಿದ್ದು ಒಡೆಯಬೇಕು. ಆದ್ದರಿಂದ ಹಸಿರು ಮುಚ್ಚಳದ ಹೆಪಾರಿನ್ ಟ್ಯೂಬು. ಜೋಡಿ ಜೀನ್ ಹುಡುಕುವ ಪಿಸಿಆರ್‌ಗೂ ಕೋಶಗಳ ಬಗೆಯನ್ನು ಗುರುತಿಸುವ ಫ್ಲೋ ಸೈಟೋಮೆಟ್ರಿಗೂ ನೇರಳೆ ಮುಚ್ಚಳದ ಇಡಿಟಿಎ ಟ್ಯೂಬು. ತುಂಬಿದ ಕೂಡಲೇ ಎಂಟು ಹತ್ತು ಸಲ ಮೆಲ್ಲಗೆ ಮಗುಚಬೇಕು, ಇಲ್ಲದಿದ್ದರೆ ರಕ್ತ ಹೆಪ್ಪುಗಟ್ಟಿ ಕೋಶಗಳು ಅದರೊಳಗೆ ಸಿಕ್ಕಿಬೀಳುತ್ತವೆ. ಜೀವಂತ ಕೋಶದ ಟ್ಯೂಬನ್ನು ಮಂಜುಗಡ್ಡೆಗೆ ತಾಗಿಸಿ ಇಡಬಾರದು, ಏಪ್ರಿಲ್ ಬಿಸಿಲಿನಲ್ಲಿ ಬಸ್ಸಿನ ಡಿಕ್ಕಿಯಲ್ಲೂ ಇಡಬಾರದು. 24 ಗಂಟೆಯೊಳಗೆ ಪ್ರಯೋಗಾಲಯ ಸೇರಬೇಕು. ಶನಿವಾರ ಸಂಜೆ ತೆಗೆದು ಸೋಮವಾರ ಮುಟ್ಟಿದ ಮಾದರಿಯಲ್ಲಿ 'ಕೋಶಗಳು ಬೆಳೆಯಲಿಲ್ಲ' ಎಂಬ ಉತ್ತರ ಬರುವುದೇ ಹೆಚ್ಚು. ಕ್ಯಾರಿಯೋಟೈಪಿನಲ್ಲಿ ಸಾಮಾನ್ಯವಾಗಿ 20 ಕೋಶಗಳನ್ನು ಓದುತ್ತಾರೆ, ಬೇಕಾದ ಜೀನಿಗೆ ಹೊಳೆಯುವ ಗುರುತು ಅಂಟಿಸಿ ನೋಡುವ ಫಿಶ್ ಪರೀಕ್ಷೆಯಲ್ಲಿ 200. ಮೊದಲನೆಯದಕ್ಕೆ ಒಂದೆರಡು ವಾರ, ಎರಡನೆಯದಕ್ಕೆ ಕೆಲವೇ ದಿನ. ಇಟಿವಿ6-ರನ್‌ಎಕ್ಸ್1 ಹೊಲಿಗೆ ಕ್ಯಾರಿಯೋಟೈಪಿನಲ್ಲಿ ಕಾಣುವುದಿಲ್ಲ, ಅದಲುಬದಲಾದ ತುಂಡುಗಳು ನೋಡಲು ಒಂದೇ ಥರ ಇರುತ್ತವೆ. 'ಕ್ಯಾರಿಯೋಟೈಪ್ ನಾರ್ಮಲ್' ಎಂದಷ್ಟೇ ಓದಿ ಸುಮ್ಮನಾಗಬಾರದು ಎನ್ನುವುದು ಇದಕ್ಕೇ.

ಗಡ್ಡೆಯ ತುಣುಕನ್ನು 10 ಶೇಕಡಾ ಫಾರ್ಮಲಿನ್‌ನಲ್ಲಿ, ತುಣುಕಿನ ಹತ್ತುಪಟ್ಟು ದ್ರವದಲ್ಲಿ ಮುಳುಗಿಸಬೇಕು. ಎಲುಬಿನ ಗಡ್ಡೆಯಲ್ಲಿ ಇನ್ನೊಂದು ಅಪಾಯವಿದೆ. ಎಲುಬನ್ನು ಮೃದು ಮಾಡಲು ಆಸಿಡ್ ಬಳಸಿದರೆ ಜೀನ್‌ಗಳ ಬರಹ ಇರುವ ಡಿಎನ್‌ಎ ಹಾಳಾಗುತ್ತದೆ. ಯೂಯಿಂಗ್ ಸಾರ್ಕೋಮಾ ಎಂಬ ಎಲುಬಿನ ಕ್ಯಾನ್ಸರನ್ನು ಖಚಿತಪಡಿಸುವುದು ಹೆಚ್ಚಾಗಿ 11 ಮತ್ತು 22ನೇ ಕ್ರೋಮೋಸೋಮ್‌ಗಳ ಹೊಲಿಗೆಯೇ ಆದ್ದರಿಂದ, ಮೆತ್ತಗಿನ ಭಾಗವನ್ನು ಆಸಿಡ್ ಮುಟ್ಟಿಸದೆ ಬೇರೆ ಇಡಲು ಹೇಳಬೇಕು. ಆಸ್ಪತ್ರೆ ಬದಲಿಸುವಾಗ ವರದಿಯ ಜೊತೆಗೆ ಗಾಜಿನ ಸ್ಲೈಡುಗಳನ್ನೂ ಗಡ್ಡೆಯ ತುಣುಕು ಹುದುಗಿರುವ ಮೇಣದ ಬ್ಲಾಕನ್ನೂ ಕೇಳಿ ಪಡೆಯಿರಿ. ಬ್ಲಾಕ್ ಇಲ್ಲದೆ ಹೋದರೆ ಮಗುವಿಗೆ ಮತ್ತೊಮ್ಮೆ ಸೂಜಿ.

ಹುಟ್ಟಿನ ಬದಲಾವಣೆ ಹುಡುಕುವಾಗ ಇನ್ನೊಂದು ಬಲೆ ಕಾದಿರುತ್ತದೆ. ಗಡ್ಡೆಯ ಕ್ಯಾನ್ಸರ್ ಇರುವ ಮಗುವಿಗೆ ರಕ್ತ ಸಾಕು. ರಕ್ತದ ಕ್ಯಾನ್ಸರ್ ಇದ್ದರೆ ರಕ್ತದಲ್ಲಿರುವುದು ಕ್ಯಾನ್ಸರ್ ಕೋಶಗಳೇ, ಜೊಲ್ಲಿನಲ್ಲೂ ಬಿಳಿ ರಕ್ತಕಣಗಳಿರುತ್ತವೆ. ಆಗ ಚರ್ಮದ ಸಣ್ಣ ಚೂರಿನಿಂದ ಕೋಶ ಬೆಳೆಸಬೇಕು, ಅಥವಾ ಕಾಯಿಲೆ ಹತೋಟಿಗೆ ಬಂದ ಮೇಲೆ ರಕ್ತ ತೆಗೆಯಬೇಕು. ಮೂಳೆಮಜ್ಜೆ ಕಸಿ ಆದ ಮಗುವಿನ ರಕ್ತ ದಾನಿಯ ಜೀನ್ ತೋರಿಸುತ್ತದೆ ಎಂಬುದನ್ನೂ ನೆನಪಿಡಬೇಕು.

ಔಷಧಿಯನ್ನು ಅರಗಿಸುವ ಜೀನ್

ಕ್ಯಾನ್ಸರಿಗೆ ಕಾರಣವಲ್ಲದ, ಆದರೆ ಚಿಕಿತ್ಸೆಯನ್ನು ಕೆಡಿಸಬಲ್ಲ ಜೀನ್‌ಗಳೂ ಇವೆ. ಎಎಲ್‌ಎಲ್ ಚಿಕಿತ್ಸೆಯ ಕೊನೆಯ ಹಂತದಲ್ಲಿ ಮನೆಯಲ್ಲೇ ಎರಡು ವರ್ಷದಷ್ಟು ಕಾಲ ದಿನವೂ ಕೊಡುವ ಮಾತ್ರೆ 6-ಮರ್ಕಾಪ್ಟೊಪ್ಯೂರಿನ್. ಅದನ್ನು ನಿಭಾಯಿಸುವ ಎನ್‌ಯುಡಿಟಿ15 ಮತ್ತು ಟಿಪಿಎಂಟಿ ಎಂಬ ಜೀನ್‌ಗಳಲ್ಲಿ ಬದಲಾವಣೆ ಇದ್ದರೆ ಮಾಮೂಲು ಪ್ರಮಾಣವೂ ವಿಷವಾಗುತ್ತದೆ. ಬಿಳಿ ರಕ್ತಕಣ ಕುಸಿದು, ಬಾಯಿ ಹುಣ್ಣಾಗಿ, ಜ್ವರ ಬಂದು ಮಗು ಪದೇ ಪದೇ ಆಸ್ಪತ್ರೆ ಸೇರುತ್ತದೆ. ಯುರೋಪಿನವರಲ್ಲಿ ಟಿಪಿಎಂಟಿ ಮುಖ್ಯ, ಏಷ್ಯಾದವರಲ್ಲಿ, ನಮ್ಮವರೂ ಸೇರಿ, ಎನ್‌ಯುಡಿಟಿ15 ಹೆಚ್ಚು. ಮೈಯ ವಿಸ್ತೀರ್ಣದ ಒಂದು ಚದರ ಮೀಟರಿಗೆ 50–75 ಮಿಲಿಗ್ರಾಂ ಎಂಬುದು ಸಾಮಾನ್ಯ ಆರಂಭ. ಎನ್‌ಯುಡಿಟಿ15ನ ಎರಡೂ ಪ್ರತಿ ಕೆಟ್ಟಿದ್ದರೆ ಸುಮಾರು 10 ಮಿಲಿಗ್ರಾಂನಿಂದಲೇ ಆರಂಭಿಸುತ್ತಾರೆ. ಒಂದು ಪ್ರತಿ ಕೆಟ್ಟಿದ್ದರೆ ನಡುವಿನ ಪ್ರಮಾಣ, ರಕ್ತಕಣಗಳ ಎಣಿಕೆ ನೋಡಿ ಏರಿಳಿಕೆ. ಒಂದೇ ಸಲ ಮಾಡಿಸಬೇಕಾದ ಪರೀಕ್ಷೆ ಇದು. ಟಿಪಿಎಂಟಿಗೆ ಕಿಣ್ವ ಅಳೆಯುವ ಪರೀಕ್ಷೆಯೂ ಇದೆ, ಆದರೆ ಇತ್ತೀಚೆಗೆ ಮಗುವಿಗೆ ರಕ್ತ ಏರಿಸಿದ್ದರೆ ಅದು ದಾನಿಯ ಕೆಂಪುಕಣಗಳನ್ನೇ ಅಳೆಯುತ್ತದೆ. ಜೀನ್ ಪರೀಕ್ಷೆ ಆ ಮಟ್ಟಿಗೆ ಭದ್ರ. ಪ್ರಮಾಣ ಕಡಿಮೆ ಮಾಡಿದ್ದು ಕಂಡು "ಔಷಧಿ ಸಾಲದೇನೋ" ಎಂದು ಮನೆಯಲ್ಲಿ ಹೆಚ್ಚಿಸಬೇಡಿ. ಆ ಮಕ್ಕಳ ಕೋಶಗಳೊಳಗೆ ಕಡಿಮೆ ಮಾತ್ರೆಯಿಂದಲೇ ಬೇಕಾದಷ್ಟು ಔಷಧಿ ತಯಾರಾಗಿರುತ್ತದೆ.

ಗೋತ್ರ, ಬಳಿ ಮತ್ತು ಜೀನ್

ಇಬ್ಬರೂ ಪಾಲಕರಿಂದ ತಲಾ ಒಂದು ಕೆಟ್ಟ ಪ್ರತಿ ಬಂದರಷ್ಟೇ ಕಾಣಿಸಿಕೊಳ್ಳುವ ಕಾಯಿಲೆಗಳಿವೆ. ಹಿಮೋಗ್ಲೋಬಿನ್ ಸರಿಯಾಗಿ ತಯಾರಾಗದ ಥಲಸ್ಸೇಮಿಯಾ ಅಂಥದ್ದು, ಮೂಳೆಮಜ್ಜೆ ಬತ್ತುವ ಫ್ಯಾಂಕೋನಿ ಅನೀಮಿಯಾ ಅಂಥದ್ದೇ. ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಸಾಧ್ಯತೆ. ಮೊದಲ ಮಗುವಿಗೆ ಬಂದಾಯಿತು, ಇನ್ನು ಮೂರು ಮಕ್ಕಳಿಗೆ ಭಯವಿಲ್ಲ ಎಂಬ ಲೆಕ್ಕ ತಪ್ಪು.

ಸೋದರತ್ತೆಯ ಮಗನೊಂದಿಗೋ ಸೋದರಮಾವನ ಮಗಳೊಂದಿಗೋ ಮದುವೆಯಾದರೆ ಗೋತ್ರ ಬೇರೆ, ಅಳಿಯಸಂತಾನದ ಮನೆಗಳಲ್ಲಿ ಬಳಿಯೂ ಬೇರೆ. ಆದ್ದರಿಂದ ರಕ್ತಸಂಬಂಧವಿಲ್ಲ ಎಂಬ ನಂಬಿಕೆ ಇದೆ. ಗೋತ್ರ ಅಪ್ಪನ ಸಾಲಿನಲ್ಲಿ, ಬಳಿ ಅಮ್ಮನ ಸಾಲಿನಲ್ಲಿ ಮಾತ್ರ ಹರಿಯುತ್ತದೆ. ಜೀನ್ ಎರಡೂ ಸಾಲುಗಳಲ್ಲಿ ಹರಿಯುತ್ತದೆ. ಅಂಥ ದಂಪತಿ ತಮ್ಮ ಜೀನ್‌ಗಳಲ್ಲಿ ಎಂಟನೇ ಒಂದು ಭಾಗವನ್ನು ಹಂಚಿಕೊಂಡಿರುತ್ತಾರೆ, ಅವರ ಮಗುವಿನ ಹದಿನಾರನೇ ಒಂದು ಭಾಗದ ಜೀನ್‌ಗಳಲ್ಲಿ ಎರಡೂ ಪ್ರತಿ ಒಂದೇ ಮೂಲದ್ದಾಗಿರುತ್ತವೆ. ಸೋದರಮಾವನನ್ನೇ ಮದುವೆಯಾದರೆ ಎಂಟನೇ ಒಂದು. ಹೆಚ್ಚಿನ ಮಕ್ಕಳು ಆರೋಗ್ಯವಾಗಿಯೇ ಹುಟ್ಟುತ್ತಾರೆ, ಅಪರೂಪದ ಕಾಯಿಲೆಯ ಸಾಧ್ಯತೆ ಮಾತ್ರ ಏರುತ್ತದೆ.

ಫ್ಯಾಂಕೋನಿಯ ಬಗ್ಗೆ ಎರಡು ಮಾತು ಹೆಚ್ಚು ಹೇಳಬೇಕು, ಗುರುತಿಸದೆ ಹೋದರೆ ಪ್ರಾಣಕ್ಕೇ ಸಂಚಕಾರ. ಈ ಮಕ್ಕಳ ಕೋಶಗಳಿಗೆ ಡಿಎನ್‌ಎಯ ಎರಡು ಎಳೆ ಅಂಟಿಕೊಂಡರೆ ಬಿಡಿಸುವ ಶಕ್ತಿಯಿಲ್ಲ. ಗಿಡ್ಡ ದೇಹ, ಕಿರಿದಾದ ಅಥವಾ ಇಲ್ಲದ ಹೆಬ್ಬೆರಳು, ಮೈಮೇಲೆ ಕಾಫಿ ಬಣ್ಣದ ಮಚ್ಚೆಗಳು ಕಾಣಬಹುದು, ಏನೂ ಕಾಣದಿರಲೂಬಹುದು. ಮಜ್ಜೆ ಬತ್ತುತ್ತಾ ಬಂದು ಮುಂದೆ ರಕ್ತದ ಕ್ಯಾನ್ಸರ್ ಬರಬಹುದು. ಕ್ಯಾನ್ಸರಿನ ಕೆಲವು ಔಷಧಿಗಳು ಕೆಲಸ ಮಾಡುವುದೇ ಡಿಎನ್‌ಎ ಎಳೆಗಳನ್ನು ಅಂಟಿಸಿ. ಆದ್ದರಿಂದ ಮಾಮೂಲು ಪ್ರಮಾಣ ಇವರಿಗೆ ಮಾರಕ. ರಕ್ತಕೋಶಗಳಿಗೆ ಮೈಟೊಮೈಸಿನ್ ಎಂಬ ಅಂಥ ಔಷಧಿ ಸೋಂಕಿಸಿ ಕ್ರೋಮೋಸೋಮ್ ಮುರಿಯುವುದನ್ನು ಎಣಿಸುವ ಪರೀಕ್ಷೆ ಮಗುವಿಗೂ, ಮಜ್ಜೆ ಕೊಡಲು ಮುಂದೆ ಬಂದ ಅಣ್ಣ ತಂಗಿಯರಿಗೂ ಆಗಲೇಬೇಕು. ಅವರಲ್ಲೂ ಅದೇ ಕಾಯಿಲೆ ಇನ್ನೂ ಹೊರಬೀಳದೆ ಇರಬಹುದು.

ಎಂಡೋಸಲ್ಫಾನಿನ ಪ್ರಶ್ನೆ

ಕಾಸರಗೋಡಿನ ಎಣ್ಮಕಜೆ, ಬೆಳ್ಳೂರು, ಮುಳಿಯಾರುಗಳಲ್ಲಿ ಮಗುವಿನ ಕಾಯಿಲೆಗೆ ತೋಟಕ್ಕೆ ಸುರಿದ ಕೀಟನಾಶಕವೇ ಕಾರಣವೋ ಎಂಬ ಪ್ರಶ್ನೆ ಬಿಟ್ಟು ಬೇರೇನನ್ನೂ ಮಾತಾಡಲಾಗದು. 1970ರ ದಶಕದ ಕೊನೆಯಿಂದ 2000ದವರೆಗೆ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಸುರಿದ ಎಂಡೋಸಲ್ಫಾನ್ ನರಗಳಿಗೆ ವಿಷ, ಹಾರ್ಮೋನುಗಳ ಕೆಲಸವನ್ನೂ ಕೆಡಿಸುತ್ತದೆ. ತೋಟದ ಬದಿಯ ಊರಿನ ಗಂಡುಮಕ್ಕಳು ಪ್ರಾಯಕ್ಕೆ ಬರುವುದು ತಡವಾಗುತ್ತಿದೆ ಎಂದು ತೋರಿಸಿದ ಅಧ್ಯಯನ 2003ರಲ್ಲಿ ಪ್ರಕಟವಾಯಿತು. 2011ರಲ್ಲಿ ಸುಪ್ರೀಂ ಕೋರ್ಟ್ ದೇಶವಿಡೀ ತಡೆ ಹಾಕಿತು.

ಜೀನ್ ಪರೀಕ್ಷೆ ಇಲ್ಲಿ ಏನು ಹೇಳಬಲ್ಲದು? ಅದು ಅಕ್ಷರಗಳನ್ನು ಓದುತ್ತದೆ, ಅಷ್ಟೇ. ಗರ್ಭದಲ್ಲಿ ಬೆಳೆಯುತ್ತಿರುವ ಮೆದುಳಿಗೆ ವಿಷ ತಾಗಿ ಹಾನಿಯಾದರೆ ಒಂದಕ್ಷರವೂ ಬದಲಾಗದೆ ಇರಬಹುದು. ಆದ್ದರಿಂದ 'ಜೀನ್ ವರದಿ ನಾರ್ಮಲ್' ಎಂಬ ಕಾಗದ ಹಿಡಿದು ವಿಷದಿಂದ ಹಾನಿಯಾಗಿಲ್ಲ ಎನ್ನುವುದು ಅನ್ಯಾಯ. ಬಿಸಿಲಿನ ನೇರಳಾತೀತ ಕಿರಣ, ತಂಬಾಕಿನ ಹೊಗೆ ಡಿಎನ್‌ಎ ಮೇಲೆ ಗುರುತಿಸಬಹುದಾದ ರುಜು ಬಿಡುತ್ತವೆ. ಎಂಡೋಸಲ್ಫಾನಿಗೆ ವರದಿಯಲ್ಲಿ ಓದಿ ತೋರಿಸುವಂಥ ರುಜು ಇಲ್ಲ.

ಇದರ ಇನ್ನೊಂದು ಮಗ್ಗುಲನ್ನೂ ಹೇಳದಿದ್ದರೆ ಆ ಊರಿನ ತಾಯಂದಿರಿಗೆ ಮೋಸ ಮಾಡಿದಂತೆ. ಎಲ್ಲ ಕಾಯಿಲೆಗೂ ಒಂದೇ ಕಾರಣ ಎಂದುಕೊಂಡು ಪರೀಕ್ಷೆಯನ್ನೇ ಬಿಟ್ಟರೆ, ಇಬ್ಬರು ಪಾಲಕರಿಂದ ಬಂದ ಕಾಯಿಲೆಯೊಂದು ಗುರುತಾಗದೆ, ಮುಂದಿನ ಬಸಿರಿನಲ್ಲಿ ನಾಲ್ಕರಲ್ಲಿ ಒಂದರ ಅಪಾಯ ಹಾಗೆಯೇ ಕಾದಿರುತ್ತದೆ. ವಿಷಬಾಧಿತರ ಪಟ್ಟಿಯಲ್ಲಿ ಹೆಸರಿರುವುದಕ್ಕೂ ಜೀನ್ ಪರೀಕ್ಷೆ ಮಾಡಿಸಿಕೊಳ್ಳುವುದಕ್ಕೂ ವಿರೋಧವಿಲ್ಲ. ಬದಲಾವಣೆ ಇಂಥದ್ದೇ ಎಂದು ಮೊದಲೇ ಗೊತ್ತಿದ್ದರೆ, ಮುಂದಿನ ಬಸಿರಿನ 11ರಿಂದ 14ನೇ ವಾರದಲ್ಲಿ ಮಾಸಿನ ಚೂರನ್ನು ತೆಗೆದು ನೋಡಬಹುದು. ಬಸಿರು ನಿಂತ ಮೇಲೆ ಹುಡುಕಲು ಹೊರಟರೆ ಆ ವಾರಗಳು ಕಳೆದುಹೋಗಿರುತ್ತವೆ.

ವರದಿ ಓದುವಾಗ

ಹುಟ್ಟಿನ ಜೀನ್ ವರದಿಯಲ್ಲಿ ಬದಲಾವಣೆಯನ್ನು ಐದು ದರ್ಜೆಗಳಲ್ಲಿ ಇಡುತ್ತಾರೆ: ರೋಗಕಾರಕ, ಬಹುಶಃ ರೋಗಕಾರಕ, ಅರ್ಥ ಅನಿಶ್ಚಿತ, ಬಹುಶಃ ನಿರುಪದ್ರವಿ, ನಿರುಪದ್ರವಿ. ಗೋಳೆಲ್ಲ ನಡುವಿನ ದರ್ಜೆಯದು. ಅರ್ಥ ಅನಿಶ್ಚಿತ ಎಂಬುದಕ್ಕೆ ಇಂಗ್ಲಿಷಿನಲ್ಲಿ 'ವಿಯುಎಸ್' ಎಂದು ಬರೆದಿರುವುದನ್ನು ಕಾಯಿಲೆ ಎಂದು ಓದಿ, ಅದರ ಆಧಾರದ ಮೇಲೆ ಬಸಿರು ತೆಗೆಸುವುದೋ ನೆಂಟಸ್ತಿಕೆ ಮುರಿಯುವುದೋ ದೊಡ್ಡ ತಪ್ಪು. ಜಗತ್ತಿನ ಜೀನ್ ಭಂಡಾರಗಳಲ್ಲಿ ಯುರೋಪ್ ಮೂಲದವರದೇ ಹೆಚ್ಚಾಗಿರುವುದರಿಂದ, ನಮ್ಮಲ್ಲಿ ಸಾಮಾನ್ಯವಾದ ನಿರುಪದ್ರವಿ ಬದಲಾವಣೆಯೂ ಅಲ್ಲಿ ಅಪರಿಚಿತವಾಗಿ ಕಾಣುತ್ತದೆ. ಅಪ್ಪ ಅಮ್ಮನ ರಕ್ತವನ್ನೂ ಓದಿದರೆ ಕೆಲವೊಮ್ಮೆ ಗಂಟು ಬಿಡಿಸುತ್ತದೆ. ಎರಡು ಮೂರು ವರ್ಷದ ನಂತರ ಅದೇ ವರದಿಯನ್ನು ಮರುಪರಿಶೀಲಿಸಲು ಪ್ರಯೋಗಾಲಯವನ್ನು ಕೇಳಬಹುದು, ಹೊಸ ರಕ್ತ ಬೇಕಿಲ್ಲ.

ಎರಡು ವರ್ಷದ ಪ್ರಾಯದಲ್ಲಿ ಒಂದು ಕಣ್ಣು ಕಳೆದುಕೊಂಡು ಗುಣವಾದ ಹುಡುಗಿ ಇಪ್ಪತ್ತನಾಲ್ಕಕ್ಕೆ ಮದುವೆಯಾಗಿ ಬೇರೆ ಊರಿಗೆ ಹೋದಾಗ ಹಳೆಯ ಫೈಲು ತವರಿನ ಅಟ್ಟದಲ್ಲಿ ಉಳಿದಿರುತ್ತದೆ. ಮಳೆಗಾಲದ ತೇವ, ಗೆದ್ದಲು ಎರಡೂ ಅದನ್ನು ತಿನ್ನುತ್ತವೆ. ಆರ್‌ಬಿ1 ಪರೀಕ್ಷೆಯ ಆ ಹಾಳೆಯಲ್ಲಿರುವ ಒಂದು ಸಾಲು, ಅವಳ ಕೂಸಿನ ಕಣ್ಣನ್ನು ಮೊದಲ ವಾರದಲ್ಲೇ ನೋಡಬೇಕೋ ಬೇಡವೋ ಎಂದು ಹೇಳುವಂಥದ್ದು. ಲ್ಯಾಮಿನೇಟ್ ಮಾಡಿದ ಒಂದು ಪ್ರತಿ, ಫೋನಿನಲ್ಲಿ ಒಂದು ಫೋಟೋ, ಮತ್ತು ಪರೀಕ್ಷೆ ಮಾಡಿದ ಪ್ರಯೋಗಾಲಯದ ಹೆಸರು, ಮಾದರಿ ಸಂಖ್ಯೆ, ತಾರೀಕು ಅವಳ ಕೈಯಲ್ಲೇ ಇರಬೇಕು. ಬಸಿರು ನಿಲ್ಲುವ ಮೊದಲೇ ಅದನ್ನು ವೈದ್ಯರ ಮೇಜಿನ ಮೇಲೆ ಇಡಬೇಕು.